ಅಜ್ಜಿಯ ಕುರಿಮರಿ, ಪಾದ್ರಿಯ ಕರು

ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಬೈಬಲ್ಲಿನ ಕಥೆಗಳು ಅವಳ ಬಾಯಲ್ಲಿ ಮದ್ದೂರು ಸಂತೆಯ ಸುದ್ದಿಯಷ್ಟೇ ಸಲೀಸಾಗಿ ಬರುತ್ತಿದ್ದವು. ಸಂಜೆ ದೀಪ ಹಚ್ಚಿ ಪ್ರಾರ್ಥನೆ ಮುಗಿಸಿದ ಮೇಲೆ, ಒಲೆಯ ಮುಂದೆ ಮುದ್ದೆ ತೊಳಸುತ್ತಾ ಅವಳು ಕಥೆ ಹೇಳುವಳು. ನಾನೂ ನನ್ನ ತಮ್ಮನೂ ತಟ್ಟೆ ಹಿಡಿದು ಕೂತಿರುವೆವು. ನಮಗೆ ಹೆಚ್ಚು ಇಷ್ಟವಾದದ್ದು ದುಂದುಗಾರ ಮಗನ ಕಥೆ.

“ಒಬ್ಬ ಅಪ್ಪಂಗೆ ಇಬ್ರು ಗಂಡ್‌ಮಕ್ಳು. ಚಿಕ್ಕೋನು ಒಂದಿನ ಬಂದು, ‘ಅಪ್ಪೋ, ನನ್ ಪಾಲು ನಂಗೆ ಕೊಟ್‌ಬುಡು’ ಅಂದ. ಅಪ್ಪ ಇನ್ನೂ ಬದ್ಕೌನೆ, ನೋಡು! ಆದ್ರೂ ಕೊಟ್ಟ. ಇಸ್ಕೊಂಡು ಬೊಂಬಾಯಿಗೆ ಹೋದ. ಇರೋದೆಲ್ಲಾ ಕಳ್ದ. ಆಮೇಲೆ ಬರ ಬಂತು. ಹಂದಿ ಮೇಯ್ಸೋ ಕೆಲ್ಸ ಸಿಕ್ತು. ಹಂದಿಗಿಕ್ಕೋ ತೌಡನ್ನಾದ್ರೂ ತಿನ್ನಾನ ಅನ್ನೋ ಹಂಗಾಯ್ತು ಕಣವ್ವ, ಅವನ ಹಸಿವು.”

ಮಗ ಬುದ್ಧಿ ಬಂದು ಊರಿಗೆ ಹೊರಟಾಗ, ದೂರದಲ್ಲಿ ನಾಲೆ ಏರಿಯ ಮೇಲೆ ಬರುತ್ತಿದ್ದವನನ್ನು ಅಪ್ಪ ಗುರುತು ಹಿಡಿದು ಓಡುತ್ತಿದ್ದ. “ವಯಸ್ಸಾದೋರು ಓಡ್‌ಬಾರ್ದು, ಆದ್ರೂ ಓಡ್ದ” ಎಂದು ಅಜ್ಜಿ ಪ್ರತಿಸಲವೂ ಸೇರಿಸುತ್ತಿದ್ದಳು. ಆಮೇಲೆ ಹೊಸ ಪಂಚೆ, ಕೈಗೆ ಉಂಗುರ, ಕಾಲಿಗೆ ಎಕ್ಕಡ. ಕೊನೆಗೆ ನಾವು ಕಾದು ಕೂತಿದ್ದ ಮಾತು: “ಬಂಡೂರು ಮರಿ ಕುಯ್ಸಿ, ಊರಿಗೆಲ್ಲಾ ಬಾಡೂಟ ಹಾಕ್ಸಿದ.”

ಬಂಡೂರು ನಮ್ಮ ಮಳವಳ್ಳಿ ತಾಲ್ಲೂಕಿನ ಊರು. ಗಿಡ್ಡ ಕಾಲಿನ, ಮೈತುಂಬಿದ ಅಲ್ಲಿನ ಕುರಿಗೆ ಮಂಡ್ಯ ತಳಿ ಎಂದೂ ಬನ್ನೂರು ಕುರಿ ಎಂದೂ ಹೆಸರುಂಟು. ಅದರ ಮಾಂಸದ ರುಚಿ ಗೊತ್ತಿದ್ದವರಿಗೆ ಆ ಅಪ್ಪನ ಸಂತೋಷ ಎಷ್ಟೆಂದು ಬೇರೆ ಹೇಳಬೇಕಾಗಿರಲಿಲ್ಲ.

ನಾನು ಐದನೆಯ ತರಗತಿಗೆ ಬಂದು ಬೈಬಲನ್ನು ನಾನೇ ಓದುವಂತಾದಾಗ ಲೂಕನ ಸುವಾರ್ತೆಯ 15ನೆಯ ಅಧ್ಯಾಯ ತೆರೆದು ಬೆರಗಾದೆ. ಅಲ್ಲಿ ಕುರಿಮರಿ ಇರಲಿಲ್ಲ. ಕೊಬ್ಬಿಸಿದ ಕರು ಇತ್ತು. ಅಜ್ಜಿಯ ತಪ್ಪು ಹಿಡಿದ ಹೆಮ್ಮೆಯಲ್ಲಿ ಓಡಿಹೋಗಿ ತೋರಿಸಿದೆ. ಅವಳು ಮೊರದಿಂದ ತಲೆಯೆತ್ತಲಿಲ್ಲ. “ಅವರೂರಲ್ಲಿ ಕರು, ನಮ್ಮೂರಲ್ಲಿ ಮರಿ. ಮಗ ಬಂದದ್ದು ಮುಖ್ಯ ಕಣೆ, ಸಾರು ಯಾವುದಾದ್ರೇನು” ಎಂದಳು. ಅವಳು 1988ರಲ್ಲಿ ತೀರಿಕೊಂಡಳು. ಆ ಮಾತು ಎಷ್ಟು ದೊಡ್ಡ ವಾದದೊಳಗಿನದು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವಳು. ಮಕ್ಕಳಿಗೆ ನಾಲ್ಕನೆಯ ಮೈಸೂರು ಯುದ್ಧದ ಪಾಠ ಮಾಡುವಾಗ 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯ ಬಳಿಯೇ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಕದನವಾಯಿತೆಂದು ಹೇಳಿದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಪಾಠ ಅಲ್ಲಿಗೆ ಮುಗಿಯುತ್ತದೆ. ಅದರ ಮುಂದಿನ ಕಥೆ ಹುಡುಕುತ್ತಿದ್ದಾಗ ನನಗೆ ಸಿಕ್ಕಿದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ.

ದುಬಾಯ್ ಅವರು ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಗೆ ಸೇರಿದವರು. 1792ರಲ್ಲಿ ಭಾರತಕ್ಕೆ ಬಂದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇಲ್ಲಿಗೆ ಬಂದರು. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದ ಕ್ರೈಸ್ತರು ಪಟ್ಟಣದಲ್ಲಿ ಪಟ್ಟ ಪಾಡು ಆಗಿನ್ನೂ ಹಸಿಯಾಗಿತ್ತು. ದುಬಾಯ್ ಇಲ್ಲಿಯವರಂತೆ ಉಟ್ಟರು, ಇಲ್ಲಿಯವರಂತೆ ಉಂಡರು, ಜನರ ನಡುವೆ ಬದುಕಿದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಫ್ರೆಂಚ್ ಹಸ್ತಪ್ರತಿಯನ್ನು 1807ರಲ್ಲಿ ಮದ್ರಾಸಿನ ಸರ್ಕಾರ 2,000 ಸ್ಟಾರ್ ಪಗೋಡ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿಯೂ ಅವರು ಓಡಾಡಿದರು. ಜೆನ್ನರ್ 1796ರಲ್ಲಿ ಕಂಡುಹಿಡಿದ ಆ ಲಸಿಕೆ ಹಸುವಿನ ಸಿಡುಬಿನಿಂದ ಬಂದದ್ದು. ವ್ಯಾಕ್ಸೀನ್ ಎಂಬ ಹೆಸರೇ ಲ್ಯಾಟಿನ್ನಿನಲ್ಲಿ ಹಸುವಿಗಿರುವ ಪದದಿಂದ ಹುಟ್ಟಿದ್ದು. ಈ ಹಸುವಿನ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ದುಬಾಯ್ ಅವರ ಪತ್ರಗಳ ಸಂಗ್ರಹವೊಂದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಗತಿ ಅದರ ವಿಷಯ. ಸಹೋದ್ಯೋಗಿಯೊಬ್ಬರ ಮಗ ಅದನ್ನು ಕಂಪ್ಯೂಟರಿನಿಂದ ಮುದ್ರಿಸಿ ಕೊಟ್ಟ. ಬೇಸಿಗೆ ರಜದ ಒಂದು ಮಧ್ಯಾಹ್ನ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆ. ಒಂದು ಪುಟದಲ್ಲಿ ಕೈ ನಿಂತುಹೋಯಿತು. ಅಲ್ಲಿ ನಮ್ಮಜ್ಜಿ ಇದ್ದಳು!

ದುಬಾಯ್ ಹೇಳುವ ಪ್ರಸಂಗ ಇದು. ಅವರು ಒಮ್ಮೆ ತುಂಬಿದ ಸಭೆಯಲ್ಲಿ ದುಂದುಗಾರ ಮಗನ ಸಾಮತಿಯನ್ನು ವಿವರಿಸಿದರು. ತಂದೆ ಕೊಬ್ಬಿದ ಕರು ಕೊಯ್ಸಿದ ಮಾತೂ ಬಂತು. ಆಮೇಲೆ ಸಭೆಯ ಕೆಲವರು ಅವರ ಬಳಿ, ಆ ಕರುವಿನ ಮಾತು ಬಾರದಿದ್ದರೆ ಚೆನ್ನಾಗಿತ್ತು ಎಂದರು. ಬೇರೆ ಮತದವರು ಕೇಳಿಸಿಕೊಂಡಿದ್ದರೆ ನಮ್ಮದು ಕೀಳು ಜಾತಿಯವರ ಮತ ಎಂಬ ಅವರ ಎಣಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಿ ಎಂದು ಬುದ್ಧಿ ಹೇಳಿದರು.

ನಮ್ಮಜ್ಜಿಯ ಮರಿ ಆ ಸಭೆಯಿಂದಲೇ ಕೈಯಿಂದ ಕೈಗೆ ಬಂದದ್ದು ಎಂದು ನಾನು ಸಾಧಿಸಲು ಹೊರಟಿಲ್ಲ. ಇತಿಹಾಸದ ಮೇಷ್ಟರಿಗೆ ಅಂಥ ಆಸೆ ಆಗುತ್ತದೆ, ಅದನ್ನು ಅದುಮಿಕೊಳ್ಳಬೇಕು. ಇದೇ ನೆಲದಲ್ಲಿ ಇದೇ ಕಥೆ ಕೇಳಿದವರಿಗೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಒಂದೇ ತಿದ್ದುಪಡಿ ಹೊಳೆಯಿತು ಎಂಬುದಷ್ಟೇ ನನಗೆ ಸಾಕು.

ದುಬಾಯ್ ಇದರಿಂದ ತೆಗೆದ ತೀರ್ಮಾನ ಮಾತ್ರ ಬೇರೆ. ಬೈಬಲ್ಲನ್ನು ಇಲ್ಲಿನ ಭಾಷೆಗಳಿಗೆ ತಿರುಗಿಸಿ ಹಂಚುವುದರಿಂದ ಏನೂ ಆಗದು, ಈ ಜನರಿಗೆ ಅದು ಹತ್ತುವುದೂ ಇಲ್ಲ, ಅವರು ಕ್ರೈಸ್ತರಾಗುವ ಕಾಲವೂ ಬರದು ಎಂಬ ನಿರಾಶೆ ಅವರದು. ಜೇಮ್ಸ್ ಹಫ್ ಎಂಬ ಇಂಗ್ಲಿಷ್ ಪಾದ್ರಿ 1824ರಲ್ಲಿ ಅದಕ್ಕೆ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅಷ್ಟರಲ್ಲಿ ದುಬಾಯ್ 1823ರಲ್ಲಿ ಭಾರತ ಬಿಟ್ಟು ಹೋಗಿದ್ದರು. ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಹಸುವಿನಿಂದ ಬಂದ ಔಷಧವನ್ನು ಜನರ ತೋಳಿಗೆ ಹತ್ತಿಸಲು ಓಡಾಡಿದ ಮನುಷ್ಯ, ಕಥೆಯೊಳಗಿನ ಕರುವಿನ ಮುಂದೆ ಕೈಚೆಲ್ಲಿ ಕೂತರಲ್ಲ ಎಂದು ನನಗೆ ಅನ್ನಿಸಿತು.

ದುಬಾಯ್ ಅವರನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯೂ ಇದೆ. ಅವರ ಹೆಸರಿನ ಪ್ರಸಿದ್ಧ ಪುಸ್ತಕದ ಬಹುಭಾಗ ಕೂರ್ದು ಎಂಬ ಹಿಂದಿನ ಜೆಸ್ಯೂಟ್ ಪಾದ್ರಿಯ ಬರಹವನ್ನು ಆಧರಿಸಿದ್ದೆಂದು ಸಿಲ್ವಿಯಾ ಮುರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಆದರೆ ಕರುವಿನ ಪ್ರಸಂಗ ಇರುವುದು ಪತ್ರಗಳಲ್ಲಿ. ತಮಗೇ ಆದ ಮುಜುಗರವನ್ನು ತಾವೇ ಹೇಳಿಕೊಂಡದ್ದು ಅದು. ಹೀಗಾಗಿ ಅದನ್ನು ನಾನು ನಂಬುತ್ತೇನೆ.

ಆದರೆ ಬುದ್ಧಿ ಹೇಳಲು ಬಂದವರನ್ನು ಸುಮ್ಮನೆ ಹೊಗಳಿಬಿಡಲೂ ಆಗದು. ಅವರ ಮಾತಿನಲ್ಲಿ ಜಾತಿ ಕೂತಿದೆ. ಕರು ಎಂದರೆ ಬೆಚ್ಚದ, ಅದೇ ಊಟವಾಗಿದ್ದ ಕೇರಿಗಳು ಆಗಲೂ ಇದ್ದವು, ಈಗಲೂ ಇವೆ. ಯೇಸುಸ್ವಾಮಿ ಈ ಕಥೆ ಹೇಳಿದ್ದೇ ಸುಂಕದವರ, ಪಾಪಿಗಳ ಜೊತೆ ಕೂತು ಉಣ್ಣುತ್ತಾನೆ ಎಂದು ಗೊಣಗಿದ ದೊಡ್ಡವರಿಗೆ ಉತ್ತರವಾಗಿ. ಯಾರ ಜೊತೆ ಉಣ್ಣಬಹುದು ಎಂಬುದರ ಬಗೆಗಿನ ಕಥೆಯನ್ನೇ, ನಮ್ಮನ್ನು ಯಾರು ಕೀಳು ಎಂದುಕೊಂಡಾರೋ ಎಂಬ ಹೆದರಿಕೆಯಿಂದ ತಿದ್ದಿಸಲು ಹೊರಟದ್ದು ನನ್ನ ಮನಸ್ಸನ್ನು ಚುಚ್ಚುತ್ತದೆ. ನಮ್ಮಜ್ಜಿಯ ಮರಿಯಲ್ಲಿ ಈ ಹೆದರಿಕೆ ಇತ್ತೋ ಇಲ್ಲವೋ. ಪಕ್ಕದ ಮನೆಯ ಗೌಡರ ಮಕ್ಕಳೂ ನಮ್ಮ ಜೊತೆ ಕೂತು ಆ ಕಥೆ ಕೇಳುತ್ತಿದ್ದರು ಎಂಬುದನ್ನು ಮಾತ್ರ ನಾನು ಮುಚ್ಚಿಡಬಾರದು.

ಅನುವಾದಕರಿಗೆ ಅಜ್ಜಿಗಿದ್ದ ಸ್ವಾತಂತ್ರ್ಯ ಇರಲಿಲ್ಲ. ದುಬಾಯ್ ಇಲ್ಲಿದ್ದ ಕಾಲದಲ್ಲೇ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಇಂದು ನಮ್ಮ ಕೈಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿಯೂ ಕರು ಕರುವಾಗಿಯೇ ಇದೆ. ಇರಬೇಕಾದದ್ದೇ. ಬರೆದಿಟ್ಟ ಮಾತು ಬೇಕೆಂದಾಗ ತೆರೆದು ನೋಡಲು ಇದ್ದರೆ ತಾನೇ ಹೇಳುವವರು ಧೈರ್ಯವಾಗಿ ಬದಲಾಯಿಸಬಹುದು!

ನಡುವಿನ ದಾರಿ ಹಿಡಿದವರೂ ಇದ್ದರು. ನಮಗೆ ನಿಘಂಟಿನ ಕಿಟೆಲ್ ಎಂದೇ ಗೊತ್ತಿರುವ ಫರ್ಡಿನಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಕೃತಿ ತಂದರು. ಕ್ರಿಸ್ತನ ಬದುಕನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ್ದು ಅದು. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಅವರ ಮಹಾ ನಿಘಂಟಿನ ಹಿಂದೆ ಈ ಹಾಡುವ ಆಸೆಯೂ ಇತ್ತು ಎನ್ನುವುದನ್ನು ನಾವು ಮರೆಯುತ್ತೇವೆ. ಮುಂದೆ ಕಾಸರಗೋಡು ಸೀಮೆಯ ಮಂಜೇಶ್ವರದಲ್ಲಿ ಕೂತು ರಾಷ್ಟ್ರಕವಿ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಬರೆದರು. ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ ಬರೆದವರೂ ಅವರೇ. ಅವರು ಕ್ರೈಸ್ತರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ದುಬಾಯ್ ಅವರು ಹತ್ತುವುದಿಲ್ಲ ಎಂದ ಕಥೆ ಕನ್ನಡಕ್ಕೆ ಹತ್ತಿತ್ತು.

ಈಗ ಮತ್ತೆ ಅಜ್ಜಿಯ ಒಲೆಯ ಮುಂದಕ್ಕೆ ಬರುತ್ತೇನೆ. ಕರುವನ್ನು ಮರಿ ಮಾಡಿದರೆ ಕಥೆಗೆ ಒಂದು ನಷ್ಟವಿದೆ. ದೊಡ್ಡ ಮಗ ಹೊಲದಿಂದ ಬಂದು, ವಾದ್ಯದ ಸದ್ದು ಕೇಳಿ, ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಕರೆಯಲು ಬಂದ ಅಪ್ಪನಿಗೆ ಅವನು ಹೇಳುವುದೇನು? ಇಷ್ಟು ವರ್ಷ ದುಡಿದ ನನಗೆ ಸ್ನೇಹಿತರ ಜೊತೆ ಉಣ್ಣಲು ಒಂದು ಮೇಕೆಮರಿಯನ್ನೂ ಕೊಡಲಿಲ್ಲ, ಎಲ್ಲ ಹಾಳುಮಾಡಿ ಬಂದವನಿಗೆ ಕೊಬ್ಬಿದ ಕರು! ಆ ಸಂಕಟದ ತೂಕ ಇರುವುದೇ ಕರುವಿಗೂ ಮೇಕೆಮರಿಗೂ ಇರುವ ಅಂತರದಲ್ಲಿ. ಕರುವಿನ ಜಾಗದಲ್ಲಿ ಕುರಿಮರಿ ಬಂದರೆ ಎರಡೂ ಹೆಚ್ಚುಕಡಿಮೆ ಸಮವಾಗಿ, ದೊಡ್ಡವನು ಸಣ್ಣ ಮನಸ್ಸಿನ ಜಗಳಗಂಟನಂತೆ ಕಾಣುತ್ತಾನೆ. ದುಬಾಯ್‌ಗೆ ಬುದ್ಧಿ ಹೇಳಿದವರು ಇದನ್ನು ಯೋಚಿಸಿದಂತೆ ಕಾಣದು.

ನಮ್ಮಜ್ಜಿ ಯೋಚಿಸಿದ್ದಳು. ಅವಳ ಕಥೆಯಲ್ಲಿ ಆಲೆಮನೆಯಿಂದ ಮೈಯೆಲ್ಲಾ ಮಸಿಯಾಗಿ ಬಂದ ದೊಡ್ಡ ಮಗ ತಮಟೆ ಸದ್ದು ಕೇಳಿ ಜಗಲಿಯ ಹೊರಗೆ ನಿಂತು ಹೇಳುತ್ತಿದ್ದ: “ಅವಂಗೆ ಬಂಡೂರು ಮರಿ. ನಂಗೆ ಒಂದಿನಾನಾದ್ರೂ ಒಂದು ಕೋಳಿಪಿಳ್ಳೆ ಕುಯ್ದ್ಯಾ ನೀನು?” ಕರು ಇಳಿದು ಮರಿಯಾದಾಗ, ಮೇಕೆಮರಿ ಇಳಿದು ಕೋಳಿಯಾಗಿತ್ತು. ಅಕ್ಷರ ಬಾರದ ಹೆಂಗಸು ತಕ್ಕಡಿಯ ಎರಡು ತಟ್ಟೆಯನ್ನೂ ಸರಿಯಾಗಿ ತೂಗಿದ್ದಳು. ಅದು ನನಗೆ ಹೊಳೆದದ್ದು ದುಬಾಯ್ ಅವರನ್ನು ಓದಿದ ಆ ಮಧ್ಯಾಹ್ನ.

ಸುವಾರ್ತೆಯಲ್ಲಿ ಕಥೆಗೆ ಕೊನೆ ಇಲ್ಲ. ಅಪ್ಪ ಹೊರಗೆ ಬಂದು ಕರೆಯುತ್ತಾನೆ, ನನ್ನದೆಲ್ಲ ನಿನ್ನದೇ ಅಲ್ಲವೇ ಎನ್ನುತ್ತಾನೆ. ದೊಡ್ಡವನು ಒಳಗೆ ಹೋದನೋ ಇಲ್ಲವೋ, ಲೂಕ ಹೇಳುವುದಿಲ್ಲ. ಅಜ್ಜಿ ಹೇಳುತ್ತಿದ್ದಳು: “ಸಿಟ್ಟಿತ್ತು. ಆದ್ರೆ ಅಷ್ಟು ಜನಕ್ಕೆ ಬಡ್ಸೋರು ಬ್ಯಾಡ್ವಾ? ಒಳಿಕ್ಕೆ ಬಂದ.”

ಒಮ್ಮೆ ಅವಳು ನಮ್ಮನ್ನು ಮದ್ದೂರಿನ ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದಳು. ‘ಬಂಗಾರದ ಮನುಷ್ಯ’. 1972ರ ಚಿತ್ರ ಅದು, ನಾವು ನೋಡುವಷ್ಟರಲ್ಲಿ ಹಳೆಯದಾಗಿತ್ತು. ಅಕ್ಕನ ಸಂಸಾರಕ್ಕಾಗಿ ಜೀವ ತೇಯ್ದು, ಬಂಜರನ್ನು ಬಂಗಾರ ಮಾಡಿದ ರಾಜೀವ, ಅಕ್ಕನ ಮಗನೇ ಸಂಶಯಪಟ್ಟು ಆಡಿದಾಗ ಎಲ್ಲ ಬಿಟ್ಟು ಹೊರಟುಹೋಗುತ್ತಾನೆ. ಟೆಂಟಿನಲ್ಲಿ ಎಲ್ಲರೂ ಸೆರಗಿನಲ್ಲಿ, ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಜ್ಜಿಯೂ ಅತ್ತಳು. ದಾರಿಯಲ್ಲಿ ಬರುವಾಗ ಮಾತ್ರ ಹೇಳಿದಳು: “ಇವ್ನು ನಮ್ ಕಥೆ ದೊಡ್ಮಗ ಕಣೆ. ಒಳಿಕ್ಕೆ ಬರ್ಲಿಲ್ಲ, ನೋಡು. ಹೊರಟೇ ಹೋದ. ರಾಜ್‌ಕುಮಾರು ಅಂತ ಎಲ್ರೂ ಅತ್ತರು. ಮನೇಲಿದ್ದೋರಿಗೆ ಆಮೇಲೆ ಯಾರು ದಿಕ್ಕು?” ದುಡಿದವನ ನೋವು ದೊಡ್ಡದೆಂದು ಅವಳು ಒಪ್ಪಿಕೊಂಡಿದ್ದಳು. ಹೊರಟುಹೋಗುವುದನ್ನು ಒಪ್ಪಿರಲಿಲ್ಲ.

ಇದನ್ನೆಲ್ಲ ನಾನೇಕೆ ಹೀಗೆ ತೂಗಿ ನೋಡುತ್ತೇನೆ ಎಂದರೆ, ನಮ್ಮ ಮನೆಯಲ್ಲಿ ದೊಡ್ಡ ಮಗ ನಾನು. ನಾಲೆಯ ಕೆಳಗೆ ನಮಗಿದ್ದದ್ದು ಎರಡೇ ಎಕರೆ. 1994ರಲ್ಲಿ ತಮ್ಮ ಪಾಲು ಕೇಳಿದ. ಅಪ್ಪ ಒಂದು ಎಕರೆ ಮಾರಿ ದುಡ್ಡು ಕೈಗಿಟ್ಟರು. ಅವನು ಹೋದದ್ದು, ಅಜ್ಜಿಯ ಕಥೆ ಕೇಳಿಸಿಕೊಂಡವನಂತೆ, ಬೊಂಬಾಯಿಗೇ. ಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ಅಪ್ಪನಿಗೆ ಕಾಯಿಲೆಯಾಯಿತು. ಆಸ್ಪತ್ರೆ, ಔಷಧಿ, ಉಳಿದ ಎಕರೆಯ ಕಬ್ಬು, ಶಾಲೆ, ಎಲ್ಲವನ್ನೂ ನೋಡಿಕೊಂಡೆ. ಮದುವೆಯ ವಯಸ್ಸು ಬಸ್ಸಿನ ಓಡಾಟದಲ್ಲೇ ದಾಟಿತು. 2003ರಲ್ಲಿ ಅಪ್ಪ ತೀರಿಕೊಂಡಾಗ ತಮ್ಮನಿಗೆ ತಿಳಿಸಲು ವಿಳಾಸವೂ ಇರಲಿಲ್ಲ.

2009ರ ಜೂನ್ ತಿಂಗಳಲ್ಲಿ ಒಂದು ಕೈಚೀಲ ಹಿಡಿದು ಬಂದ. ಅವ್ವ ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, “ಒಂದು ಮರಿ ತರಿಸವ್ವ, ನಾಲ್ಕು ಜನಕ್ಕೆ ಊಟ ಹಾಕಾನ” ಎಂದಳು. ನನ್ನ ಸಂಬಳದಲ್ಲಿ! ಲೂಕನ ಕಥೆಯ ದೊಡ್ಡ ಮಗನನ್ನು ಊಟದ ಖರ್ಚಾದರೂ ಕೇಳಿರಲಿಲ್ಲ. ನಾನು ಒಂದೂ ಮಾತಾಡದೆ ಶಾಲೆಗೆ ಹೊರಟೆ. ಅವ್ವ ಸಾಲಕ್ಕೆ ಮರಿ ತರಿಸಿದಳು.

ಆ ದಿನ ಶಾಲೆ ಬಿಟ್ಟ ಮೇಲೂ ಸ್ಟಾಫ್ ರೂಮಿನಲ್ಲೇ ಕೂತಿದ್ದೆ. ಮಳವಳ್ಳಿಯಿಂದ ಕೊನೆಯ ಬಸ್ಸಿಗಿಂತ ಹಿಂದಿನ ಬಸ್ಸು ಹಿಡಿದು ಬಂದಾಗ ಕತ್ತಲಾಗಿತ್ತು. ಮನೆಯೊಳಗೆ ಜನ, ಮಾತು, ಸಾರಿನ ವಾಸನೆ. ನಾನು ಜಗಲಿಯ ಕಂಬ ಹಿಡಿದು ನಿಂತೆ. ಹೊರಗೆ ಬಂದು ಕರೆಯಲು ಅಪ್ಪ ಇರಲಿಲ್ಲ. ಆಗ ಹೊಳೆಯಿತು, ಲೂಕನ ಕಥೆಯಲ್ಲಿ ತಾಯಿಯೂ ಇಲ್ಲ, ಹೆಣ್ಣುಮಕ್ಕಳೂ ಇಲ್ಲ. ಸ್ವಲ್ಪ ಹೊತ್ತಿಗೆ ಅವ್ವನೇ ಬಂದಳು, ಮಂಡಿನೋವಿನ ಕಾಲೆಳೆಯುತ್ತಾ, ಗೋಡೆ ಹಿಡಿದುಕೊಂಡು. ಸಮಾಧಾನದ ಮಾತೇನೂ ಹೇಳಲಿಲ್ಲ. “ಬಗ್ಗಿ ಬಡ್ಸೋಕೆ ಆಯ್ತಿಲ್ಲ ಕಣೆ ನನ್ ಕೈಲಿ. ಬಾ” ಎಂದಳು.

ಕೈಕಾಲು ತೊಳೆದು ಒಳಗೆ ಹೋದೆ. ಬಡಿಸಿದೆ. ತಮ್ಮನ ಎಲೆಗೆ ಬಂದಾಗ ಅವನು ತಲೆಯೆತ್ತದೆ, “ಸಾಕು ಅಕ್ಕ” ಎಂದ. ಅವನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಇನ್ನೊಂದು ಸೌಟು ಹಾಕಿದೆ. ಸಿಟ್ಟು ಹೋಗಿರಲಿಲ್ಲ.

ಸಿಟ್ಟು ಮತ್ತೆ ಮಂಡ್ಯದ ವಕೀಲರೊಬ್ಬರ ಕೋಣೆಯಲ್ಲಿ ಎದ್ದು ಕೂತಿತು. ಉಳಿದ ಎಕರೆ ಅಪ್ಪನ ಹೆಸರಿನಲ್ಲೇ ಇತ್ತು, ಉಯಿಲು ಇರಲಿಲ್ಲ. ನಮ್ಮಂಥವರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಂತೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮನಾಗಿ, ಗಂಡು ಹೆಣ್ಣೆಂಬ ಭೇದವಿಲ್ಲ. ಅವನು ಆಗಲೇ ಒಂದು ಎಕರೆ ತೆಗೆದುಕೊಂಡಿದ್ದಾನಲ್ಲ ಎಂದೆ. ವಕೀಲರು 49ನೆಯ ಕಲಮು ತೋರಿಸಿದರು. ತಂದೆ ಬದುಕಿದ್ದಾಗ ಮಕ್ಕಳ ಏಳಿಗೆಗೆಂದು ಕೊಟ್ಟದ್ದನ್ನು ಪಾಲು ಮಾಡುವಾಗ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕಾನೂನೂ ಚಿಕ್ಕ ಮಗನಿಗೆ ಕರು ಕೊಯ್ಯುತ್ತದೆ! ನನ್ನನ್ನು ಮಗನ ಸಮಕ್ಕೆ ನಿಲ್ಲಿಸಿದ ಕಾಯ್ದೆಯೂ ಅದೇ ಎಂಬುದು ಬಸ್ಸಿನಲ್ಲಿ ಮನೆಗೆ ಬರುವಾಗ ನೆನಪಾಯಿತು.

ಇನ್ನೂ ಪಾಲು ಮಾಡಿಲ್ಲ. ಅವ್ವ ಇರುವವರೆಗೆ ಬೇಡ ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದೇವೆ. ತಮ್ಮ ಗದ್ದೆ ನೋಡಿಕೊಳ್ಳುತ್ತಾನೆ, ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಅವನಿಗೆ ತಡವಾಗಿ ಮದುವೆಯಾಗಿ ಒಬ್ಬ ಮಗಳಿದ್ದಾಳೆ. ಕಳೆದ ಕ್ರಿಸ್‌ಮಸ್ಸಿನ ಸಂಜೆ ಅವಳಿಗೆ ನಾನು ಅಜ್ಜಿಯ ಕಥೆಯನ್ನು ಅಜ್ಜಿ ಹೇಳಿದ ಹಾಗೆಯೇ ಹೇಳಿದೆ. ತೌಡು, ನಾಲೆ ಏರಿ, ಬಂಡೂರು ಮರಿ, ಕೋಳಿಪಿಳ್ಳೆ. ಬೊಂಬಾಯಿ ಎನ್ನುವಲ್ಲಿ ಮಾತ್ರ ದೂರದ ಒಂದು ಊರು ಎಂದೆ. ಬಾಗಿಲ ಬಳಿ ಕೂತು ಕುಡುಗೋಲು ಮಸೆಯುತ್ತಿದ್ದ ತಮ್ಮ ಕೈ ನಿಲ್ಲಿಸಿ, “ಬೊಂಬಾಯಿ ಅಂತಲೇ ಹೇಳಕ್ಕ” ಎಂದ.

ಹುಡುಗಿ ಕೇಳಿದಳು: “ದೊಡ್ಡಣ್ಣ ಒಳಕ್ಕೆ ಬಂದ್ನಾ ಅತ್ತೆ?”

“ಬಂದ. ಬಡಿಸೋರು ಬೇಕಿತ್ತಲ್ಲ” ಎಂದೆ.

“ಆಮೇಲೆ ಅವ್ನೂ ಉಂಡ್ನಾ?”

ಅದನ್ನು ಅಜ್ಜಿಯನ್ನು ನಾವು ಯಾರೂ ಕೇಳಿರಲಿಲ್ಲ.